ಬಸವನ ಕಣ್ಣು ಮುಳುಗಿದ ಮಧ್ಯಾಹ್ನ

ಎಷ್ಟು ಬೆಲೆ ಬಿತ್ತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಲಾರಿ ತುಂಬ ತೆಂಗಿನಕಾಯಿ, ನನ್ನ ಅಕ್ಕನ ಮನೆಯ ಮೂರು ಗೋಡೆ, ಕೆಳಬೀದಿಯವರು ಕಟ್ಟಿಹಾಕಿದ್ದ ಎಮ್ಮೆ ಹಸುಗಳಲ್ಲಿ ಅರ್ಧ. ಇಷ್ಟೂ ಹೋದದ್ದು ಒಂದೇ ಮಧ್ಯಾಹ್ನ. ಮಳೆ ಬಂತು, ಕೆರೆ ಒಡೆಯಿತು ಎಂದು ಯಾರಾದರೂ ಹೇಳಬಹುದು. ನಾನು ಹಾಗೆ ಹೇಳಲಾರೆ. ನಾನು ಹೇಳಬೇಕಾಗಿದ್ದ ಒಂದು ಮಾತನ್ನು ಒಂದು ಗಂಟೆ ತಡಮಾಡಿ ಹೇಳಿದೆ. ಜೀವಮಾನವೆಲ್ಲ ಮಾತಿನಿಂದಲೇ ಸಂಪಾದಿಸಿದವನಿಗೆ ಅಷ್ಟು ದುಬಾರಿಯಾದ ಮೌನ ಬೇರೊಂದಿಲ್ಲ.

ಇದೆಲ್ಲ ಮತ್ತೆ ನೆನಪಾದದ್ದು ಹೋದ ವಾರ. ಅಕ್ಕನ ಊರಿಗೆ ಹೋಗಿದ್ದೆ. ತುಂತುರು ಹನಿಯುತ್ತಿತ್ತು. ಅವಳು ಒಳಗಿನಿಂದ ಒಂದು ಹಳೆಯ ಗೋಣಿಚೀಲ ತಂದು ಜಗಲಿಯ ಮೇಲೆ ಹಾಸಿದಳು. ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ಅಕ್ಕಿ ಹುರಿಯುತ್ತಿದ್ದರೆ ಪೂರ್ತಿ ಅದೇ ದಿನವಾಗುತ್ತಿತ್ತು.

ನನ್ನ ಕಸುಬು ತೆಂಗಿನಕಾಯಿ. ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಕುಕ್ಕೆಯಲ್ಲಿಟ್ಟು ಮಾರುತ್ತ ಶುರುಮಾಡಿದವನು, ಮೂವತ್ತೈದಕ್ಕೆ ಸ್ವಂತ ಮಂಡಿ ಇಟ್ಟೆ. ಚೀಲಗಳ ಮೇಲೆ ಹಸಿರು ಬಣ್ಣದಲ್ಲಿ ಎರಡು ಗೆರೆ ಎಳೆಸುತ್ತಿದ್ದೆ. ಆ ಗೆರೆ ಕಂಡರೆ ತಮಿಳುನಾಡಿನ ವ್ಯಾಪಾರಿಗಳು ಚೀಲ ಬಿಚ್ಚಿ ನೋಡದೆ ಇಳಿಸಿಕೊಳ್ಳುತ್ತಿದ್ದರು. ಅಕ್ಕ ಚಿಕ್ಕತಾಯಮ್ಮನನ್ನು ಕೊಟ್ಟದ್ದು ಉಮ್ಮತ್ತೂರಿನ ಕಡೆಯ ಒಂದು ಸಣ್ಣ ಊರಿಗೆ. ಊರಿನ ಹೆಸರು ಬೇಡ, ಅವರಿಗೆ ನನ್ನಿಂದ ಆದದ್ದು ಸಾಕು. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ನನ್ನನ್ನು ಸಾಕಿದವಳು ಅಕ್ಕ. ಅವಳ ಊರಿನ ಕೆರೆಯ ಕೆಳಗಿನ ತೋಟಗಳನ್ನೇ ನಾನು ಮೂರು ವರ್ಷಕ್ಕೆ ಗುತ್ತಿಗೆ ಹಿಡಿದಿದ್ದೆ.

ಹಿಡಿದ ಗಳಿಗೆಯೋ ಏನೋ, ಮಳೆಯೇ ಇಲ್ಲ. ಕೆರೆಯಲ್ಲಿ ದನ ಮೇಯುತ್ತಿದ್ದವು. ಮರಗಳು ಬಲಿಯದ ಈಚುಗಾಯಿಗಳನ್ನು ಉದುರಿಸುತ್ತಿದ್ದವು. ಎರಡು ಸಾವಿರದ ಐದರಲ್ಲಿ ಮಳೆ ಹಿಡಿಯಿತು, ಕಾರ್ತಿಕದ ಹೊತ್ತಿಗೆ ಕೆರೆ ತುಂಬತೊಡಗಿತು.

ಆ ಊರಿನ ನೆಲದ ಲಕ್ಷಣ ಸ್ವಲ್ಪ ತಿಳಿಯಬೇಕು. ಊರಿನ ಒಂದು ಮಗ್ಗುಲಿಗೆ ಕೆರೆ ಏರಿ. ಏರಿಯ ತುದಿಯಲ್ಲಿ ಕೋಡಿ, ಅಂದರೆ ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹರಿದುಹೋಗುವ ಕಲ್ಲಿನ ತಗ್ಗು. ಕೋಡಿಯ ನೀರು ಹಳ್ಳವಾಗಿ ಊರನ್ನು ಮೂರು ಕಡೆಯೂ ಸುತ್ತಿಕೊಂಡು ಹೋಗುತ್ತದೆ. ಹೊರಗೆ ಹೋಗುವ ರಸ್ತೆ ಒಂದೇ, ಅದು ಆ ಹಳ್ಳವನ್ನು ತಗ್ಗು ಸೇತುವೆಯಲ್ಲಿ ದಾಟುತ್ತದೆ. ಕೋಡಿ ಬಿದ್ದರೆ ಸೇತುವೆ ಮುಳುಗಿ ಎರಡು ದಿನ ಊರು ದ್ವೀಪ. ಯಾರಿಗೂ ಅದರ ಚಿಂತೆ ಇರಲಿಲ್ಲ. ಕೋಡಿ ಬಿದ್ದ ದಿನ ಹೊರಗೆ ಹೋಗುವವರಾದರೂ ಯಾರು? ಅದು ಹಬ್ಬ. ಹೆಂಗಸರು ತಂಬಿಟ್ಟಿನಲ್ಲಿ ದೀಪ ಹಚ್ಚಿ, ತಲೆಯ ಮೇಲೆ ಹೊತ್ತು, ಗಂಗಮ್ಮನಿಗೆ ಆರತಿ ಮಾಡುತ್ತಾರೆ. ಮೊದಲ ಆರತಿ ಅಕ್ಕನ ಮನೆಯದು. ಅವಳ ಅತ್ತೆ ಹೊತ್ತಿದ್ದು, ಅತ್ತೆಯ ಅತ್ತೆ ಹೊತ್ತಿದ್ದು.

ನೀರು ಎಷ್ಟು ಬಂತೆಂದು ತಿಳಿಯಲು ತೂಬಿನ ಕಲ್ಲುಗಂಬದಲ್ಲಿ ಒಂದು ಬಸವನನ್ನು ಕೆತ್ತಿದ್ದರು. ಬಸವನ ಮೂಗು ನೆನೆದರೆ ಕೋಡಿ ಬಿತ್ತೆಂದೇ ಲೆಕ್ಕ. ಕೆರೆ ಕಾಯುವ ನೀರಗಂಟಿ ರಂಗಯ್ಯ ನೋಡಿ ಬಂದು ಹೇಳುತ್ತಿದ್ದ, ಊರು ನಂಬುತ್ತಿತ್ತು. ಬಸವನ ಕಣ್ಣಿಗೆ ನೀರು ಬಂದರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಅದು ಎಂದೂ ಬಂದಿರಲಿಲ್ಲ, ಅಷ್ಟರಲ್ಲಿ ಕೋಡಿ ಹರಿದಿರುತ್ತಿತ್ತು.

ಇಲ್ಲಿ ನನ್ನ ಬುದ್ಧಿವಂತಿಕೆ ಬರುತ್ತದೆ. ಕೆರೆ ತುಂಬುವ ಸೂಚನೆ ಕಂಡರೆ ಕೋಡಿಯ ಮೇಲೆ ಒಂದು ಸಾಲು ಮರಳುಚೀಲ ಇಡುವುದು ಅಲ್ಲಿ ಹಿಂದಿನಿಂದ ಬಂದ ಪದ್ಧತಿ. ಒಂದೇ ಸಾಲು, ಅದೂ ಬಸವನ ಮೂಗು ನೆನೆದ ದಿನ ಎಲ್ಲರೂ ಸೇರಿ ತೆಗೆಯಬೇಕು. ಊರಿನವರು ಆ ಸಾಲು ಇಡುವ ಮೊದಲೇ ನಾನು ಅದರ ಅಡಿಗೆ ಇನ್ನೆರಡು ಸಾಲು ಇಡಿಸಿದೆ. ಒಂದು ಮೊಳ ನೀರು ಹೆಚ್ಚು ನಿಂತರೆ ನನ್ನ ತೋಟಗಳಿಗೆ ಇನ್ನೊಂದು ಬೇಸಿಗೆ ಸಿಕ್ಕಹಾಗೆ. ಹೊರಗಿನ ಕೂಲಿಯವರನ್ನು ಕರೆತಂದು, ಚೀಲಗಳ ಮೇಲೆ ಮಣ್ಣು ಹೆಂಟೆ ಹಾಕಿಸಿ, ನೋಡಿದವರಿಗೆ ಏರಿಯೇ ಅನ್ನಿಸುವಂತೆ ಮಾಡಿಸಿದೆ. ಆ ತುದಿಗೆ ಮುಳ್ಳುಪೊದೆ ದಾಟಿ ಹೋಗುವವರು ಕಡಿಮೆ. ಗೊತ್ತಿದ್ದದ್ದು ರಂಗಯ್ಯನಿಗೆ ಮಾತ್ರ. ಅವನಿಗೆ ಒಂದು ಹೊಸ ಕೆಂಪು ಕಂಬಳಿ ಕೊಟ್ಟೆ.

ಆ ದಿನ ಬೆಳಿಗ್ಗೆಯಿಂದ ಲೋಡು ಮಾಡಿಸುತ್ತಿದ್ದೆ. ಮೂರು ದಿನದಿಂದ ಬಿಟ್ಟುಬಿಡದ ಮಳೆ. ನಮ್ಮ ಕಡೆಯ ಮಳೆ ಗುಡುಗಿ ಸುರಿದು ಮುಗಿಸುತ್ತದೆ. ಇದು ಗುಡುಗುತ್ತಲೂ ಇರಲಿಲ್ಲ, ಮುಗಿಯುತ್ತಲೂ ಇರಲಿಲ್ಲ. ಲಾರಿಯ ಡ್ರೈವರ್ ಮುರುಗೇಶ ಕಡಲೂರಿನವನು, ಮೀನುಗಾರರ ಮನೆಯವನು. ಹಿಂದಿನ ದಿನ ಚಾಮರಾಜನಗರದ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನ್ ಮಾಡಿ ಬಂದಿದ್ದ.

“ಅಣ್ಣಾ, ಇದು ಇಲ್ಲಿಯ ಮಳೆ ಅಲ್ಲ. ನಮ್ಮ ಸಮುದ್ರದ್ದು. ಅಲ್ಲಿ ಪುಯಲ್ ಎದ್ದಿದೆ, ಬಾಲ ಇಲ್ಲಿ ಬಿದ್ದಿದೆ,” ಅಂದ. ಪುಯಲ್ ಅಂದರೆ ಚಂಡಮಾರುತ.

“ನಿಮ್ ಸಮುದ್ರ ಇಲ್ಲಿಂದ ಎಷ್ಟ್ ದೂರಪ್ಪ! ಕಾಯಿ ಹತ್ಸು,” ಎಂದು ನಕ್ಕೆ.

ಹನ್ನೆರಡರ ಹೊತ್ತಿಗೆ ರಂಗಯ್ಯ ಬಂದ. ಕೆಂಪು ಕಂಬಳಿ ಹೊದ್ದು ನಡುಗುತ್ತಿದ್ದ. ಕೈಸನ್ನೆ ಮಾಡಿ ಮರದ ಮರೆಗೆ ಕರೆದ.

“ಮಾದೇವಪ್ಪಾರೇ, ಮೂಗು ನೆನ್ನೇನೇ ಮುಳುಗ್ತು. ಈಗ ಕಣ್ಣೂ ಮುಳುಗ್ತು ಕಣ್ರಪ್ಪ. ನಮ್ಮಪ್ಪ ಅಲ್ಲ, ನಮ್ ತಾತನೂ ಇದ ನೋಡ್ನಿಲ್ಲ.”

“ಊರ್ಗೆ ಏನ್ ಹೇಳಿದ್ದೀಯ?”

“ಮೂಗು ನೆಂದದೆ, ಇವತ್ತೋ ನಾಳೆಯೋ ಕೋಡಿ ಅಂತ ಯೋಳಿವ್ನಿ. ಊರೋರು ತಮ್ಮ ಒಂದ್ ಸಾಲ ತಗುದ್ರು. ಅದ್ರ ಕೆಳಗಡೆ ಇನ್ನೂ ಏರಿ ಅದೆ ಅಂದ್ಕಂಡು ವಾಪಸ್ ಬಂದ್ರು. ನಿಮ್ಮವು ಅಂತ ನಾ ಎಂಗ್ ಯೋಳ್ಲಿ? ಕಂಬ್ಳಿ ಒದ್ಕಂಡೀವ್ನಲ್ಲ.”

“ಈಗ ಕಿತ್ತಾಕಿದ್ರೆ?”

“ಒಂದೇ ಸಲಕ್ಕೆ ನುಗ್ತದೆ. ಸೇತುವೆ ಗಳಿಗೇಲಿ ಮುಳುಗೋಯ್ತದೆ. ಕೀಳ್ದೆ ಓದ್ರೆ ಏರಿ ತಡಿಯಾಕಿಲ್ಲ.”

ಆಗ ನನಗೆ ಮೊದಲು ಹೊಳೆದದ್ದು ಏನೆಂದು ಮುಚ್ಚಿಡುವುದಿಲ್ಲ. ಲಾರಿ ಸೇತುವೆ ದಾಟಲಿ, ಆಮೇಲೆ ಚೀಲ ಕೀಳಿಸೋಣ ಎಂದು ಹೊಳೆಯಿತು. ಅಕ್ಕನ ನೆನಪು ಅದರ ಹಿಂದೆ ಬಂತು. ಎಷ್ಟು ಹಿಂದೆ ಎಂದು ಕೇಳಬೇಡಿ.

ಲಾರಿಯ ಹತ್ತಿರ ಬಂದರೆ ಮುರುಗೇಶ ಇಲ್ಲ. ಏರಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ. ಅವನ ಕಾಲಿನ ಬಳಿ, ಹುಲ್ಲಿನ ನಡುವಿನಿಂದ, ಸೌಟಿನಷ್ಟು ದಪ್ಪ ನೀರು ಉಕ್ಕುತ್ತಿತ್ತು. ಏರಿ ಒಸರುವುದು ಹೊಸದಲ್ಲ, ತಿಳಿನೀರು ಯಾವಾಗಲೂ ಒಸರುತ್ತದೆ. ಇದು ಕೆಂಪಗಿತ್ತು. ಬೊಗಸೆಯಲ್ಲಿ ಹಿಡಿದೆ. ಬೆರಳ ಸಂದಿಯಲ್ಲಿ ಮಣ್ಣು ಉಳಿಯಿತು. ಏರಿ ಒಳಗಿನಿಂದ ಕರಗುತ್ತಿತ್ತು.

“ಇಲ್ಲಿಯವರು ಯಾಕೆ ಹೋಗ್ತಿಲ್ಲ?” ಎಂದು ಕೇಳಿದ.

“ಹೋದ ತಿಂಗಳು ನೀರು ನುಗ್ಗುತ್ತೆ, ಹೊರಡಿ ಅಂತ ತಮಟೆ ಸಾರಿದ್ದರು, ಏನೂ ಆಗಲಿಲ್ಲ. ಅದಕ್ಕೆ.”

ಅವನು ಕೈ ತೊಳೆದುಕೊಂಡ. “ನಮ್ಮೂರಲ್ಲಿ ಮೈಕ್ ಕಟ್ಕೊಂಡ್ ಬರ್ತಾರಣ್ಣ. ಒಂದ್ ಸಲ ಎಲ್ರೂ ಹೋದ್ವಿ. ಪುಯಲ್ ಬೇರೆ ಕಡೆ ತಿರುಗ್ತು. ವಾಪಸ್ ಬಂದ್ರೆ ನಮ್ಮ ಬಲೆ ಯಾರೋ ಕದ್ದಿದ್ರು. ಇನ್ನೊಂದ್ ಸಲನೂ ಹಂಗೇ, ಬರೀ ಮಳೆ. ಮೂರನೇ ಸಲ ನಮ್ಮಣ್ಣ ಬರಲ್ಲ ಅಂದ. ಬಲೆ ಕಾಯ್ತೀನಿ ಅಂದ.”

“ಆಮೇಲೆ?”

“ಬಲೆ ಸಿಕ್ತು.”

ಮಳೆ ಅದರ ಪಾಡಿಗೆ ಸುರಿಯುತ್ತಿತ್ತು. ಆಮೇಲೆ ಅವನೇ ಹೇಳಿದ: “ಬರುತ್ತಾ, ಬರಲ್ವಾ ಅಂತ ಕೇಳ್ತಾ ಕೂತ್ರೆ ಉತ್ತರ ಸಿಗಲ್ಲ ಅಣ್ಣ. ರೋಡ್ ಇನ್ನೆಷ್ಟು ಹೊತ್ತು ಇರುತ್ತೆ, ಅದನ್ನ ಕೇಳಬೇಕು.”

ನಾನು ಅಕ್ಕನ ಮನೆಗೆ ಓಡಿದೆ.

ಅಡುಗೆಮನೆಯಲ್ಲಿ ಹುರಿದ ಅಕ್ಕಿಯ, ಬೆಲ್ಲದ ಘಮ. ಅಕ್ಕ ತಂಬಿಟ್ಟು ಕಟ್ಟುತ್ತಿದ್ದಳು. ಪಕ್ಕದ ಮನೆಯ ನಿಂಗಮ್ಮ ಕುಟ್ಟಿದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಮೂರು ವರ್ಷದ ಮೇಲೆ ಅಕ್ಕನ ಮುಖದಲ್ಲಿ ಆ ಕಳೆ ನೋಡಿದ್ದು.

“ಅಕ್ಕ, ಹೊರಡು. ಉಮ್ಮತ್ತೂರಿನ ಸ್ಕೂಲಲ್ಲಿ ಇವತ್ತೊಂದಿನ ಇರನ. ಲಾರಿ ಅದೆ.”

“ಯಾಕ್ಲಾ? ಗಂಗಮ್ಮ ಮನೆ ಬಾಗ್ಲಿಗೆ ಬರೊತ್ತಲ್ಲಿ ನಾನು ಬಾಗ್ಲಾಕ್ಕಂಡು ಓಗಬೇಕಾ?”

“ಮಳೆ ಜಾಸ್ತಿ ಆಯ್ತದೆ ಅಂತವ್ರೆ.”

“ಓದ್ ತಿಂಗ್ಳು ತಮಟೆ ಒಡ್ದಾಗ ಇವ್ಳು ಮಕ್ಕಳ ಕಟ್ಕಂಡು ಓಡೋಗಿದ್ಲು. ಈಗ ಊರೋರೆಲ್ಲ ಏನಂತ ಕರಿತಾರೆ ಕೇಳು.”

ನಿಂಗಮ್ಮ ಜರಡಿ ನಿಲ್ಲಿಸದೆ, “ಒಳೆ ನಿಂಗಿ ಅಂತಾರೆ ಕಣಣ್ಣ,” ಅಂದಳು. ಬಾರದ ಹೊಳೆಗೆ ಹೆದರಿ ಓಡಿದ್ದಕ್ಕೆ ಹೊಳೆ ನಿಂಗಿ. “ನಾನಂತೂ ಇನ್ನೊಂದ್ ದಪ ಓಡಾಕಿಲ್ಲಪ್ಪ.”

ಸರಿ, ನಾನು ನನಗೆ ಗೊತ್ತಿದ್ದ ವಿದ್ಯೆ ತೆಗೆದೆ. ಇದ್ದಕ್ಕಿದ್ದಂತೆ ಮೈಸೂರಿನಲ್ಲಿ ಡಾಕ್ಟರಿಗೆ ನಿನ್ನ ಕಣ್ಣು ತೋರಿಸಿ ಬರೋಣ ಎಂದೆ. ದೀಪಾವಳಿಗೆ ಕೊಡದೆ ಹೋದ ಸೀರೆ ಇವತ್ತೇ ಕೊಡಿಸುತ್ತೇನೆಂದೆ. ಕೊಟ್ಟಿಗೆಗೆ ಹೆಂಚು ಹೊದಿಸುತ್ತೇನೆ ಎಂದೆ. ನನ್ನ ಬಾಯಿ ಮಂಡಿಯಲ್ಲಿ ಕುಳಿತ ಹಾಗೆ ದರ ಏರಿಸುತ್ತಲೇ ಇತ್ತು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆಯಾಯಿತು. ಸೇತುವೆ ಇನ್ನೆಷ್ಟು ಹೊತ್ತು ಎಂದು ಬಾಗಿಲಾಚೆಯ ಮಳೆ ನೋಡಿದೆ.

ಅಕ್ಕ ತಂಬಿಟ್ಟಿನ ಉಂಡೆ ತಟ್ಟೆಯಲ್ಲಿಟ್ಟು ನನ್ನನ್ನೇ ನೋಡಿದಳು.

“ಮಾದೇವ, ಬಸ್‌ಸ್ಟ್ಯಾಂಡಲ್ಲಿ ಕಾಯಿ ಮಾರ್ತಿದ್ದಾಗ್ಲೂ ನೀನು ಇಷ್ಟೇಯ. ಕೊಳೆತದ್ದು ಇದ್ದ ದಿವ್ಸ ಜಾಸ್ತಿ ಮಾತು. ಏನ ಮಡಿಕಂಡಿದ್ದೀಯ, ಯೋಳು.”

ಹೇಳಿದೆ. ನಿಂಗಮ್ಮನ ಎದುರಿಗೇ ಹೇಳಿದೆ. ಎರಡು ಸಾಲು ಚೀಲ, ಮೇಲೆ ಹಾಕಿಸಿದ ಹೆಂಟೆ, ಕಂಬಳಿ, ಬಸವನ ಕಣ್ಣು, ಏರಿಯ ಬುಡದ ಕೆಂಪು ನೀರು. ಹೇಳಿ ಮುಗಿಸಲು ಒಂದು ನಿಮಿಷ ಕೂಡ ಹಿಡಿಯಲಿಲ್ಲ. ಜರಡಿ ನಿಂತಿತ್ತು.

ಅಕ್ಕ ಬೈಯುತ್ತಾಳೆಂದು ಕಾದೆ. ಅವಳು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು.

“ಇದ ಮದ್ಲೇ ಯೋಳ್ಬಾರ್ದಾಗಿತ್ತಾ?” ಅಂದಳು. ಅಷ್ಟೆ.

ಆಮೇಲೆ ನಡೆದದ್ದು ನನ್ನ ಕೈಯಲ್ಲಿ ಇರಲಿಲ್ಲ. ಅಕ್ಕ ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ಬೀದಿಗೆ ಇಳಿದಳು. ಕೊಡೆಯನ್ನು ಕೂಡ ಹಿಡಿಯಲಿಲ್ಲ. ನಿಂಗಮ್ಮ ಬಾಯಿ ತೆರೆಯಲು ಹೋದಾಗ ಅವಳ ಮೊಣಕೈ ಹಿಡಿದು, “ನೀ ಮಕ್ಕಳ ಕರ್ಕಂಡ್ ಬಾ, ಮಾತು ಆಮೇಲೆ,” ಎಂದು ತಡೆದಳು. ನಡುಬೀದಿಯಲ್ಲಿ ನಿಂತು ಕೂಗಿದಳು:

“ಮದ್ಲಾರ್ತಿ ನಮ್ ಮನೇದು. ನಾನು ಎಲ್ಲಿ ಇಕ್ತೀನೋ ಅಲ್ಲೇ ಆರ್ತಿ. ಈ ಸಲ ಸೇತುವೆಯಿಂದಾಚೆ ದಡದಲ್ಲಿ ಇಕ್ತೀನಿ. ಈಗಲೇ ಓಯ್ತಾ ಇವ್ನಿ. ಮುದುಕ್ರು ಮಕ್ಳು ಯಾರ್ನೂ ಬುಟ್ಬುಟ್ ಬರಬ್ಯಾಡಿ!”

ಓಡಿ ಎಂದು ತಮಟೆ ಬಡಿದಿದ್ದರೆ ಒಬ್ಬರೂ ಏಳುತ್ತಿರಲಿಲ್ಲ. ಆರತಿ ಎಂದದ್ದಕ್ಕೆ ಕೆಳಬೀದಿಯ ಮನೆಮನೆಯಿಂದಲೂ ತಟ್ಟೆ ಹೊರಬಂತು. ಮಕ್ಕಳು ಗೋಣಿಚೀಲವನ್ನು ಮಡಿಸಿ, ತಲೆಯಿಂದ ಬೆನ್ನಿಗೆ ಇಳಿಬಿಟ್ಟು ಗೊಪ್ಪೆ ಹಾಕಿಕೊಂಡಿದ್ದವು. ಒಂದೊಂದು ಪುಟ್ಟ ಬೆನ್ನಿನ ಮೇಲೂ ನನ್ನ ಎರಡು ಹಸಿರು ಗೆರೆ. ನನಗೆ ಆ ಕಡೆ ನೋಡಲಾಗಲಿಲ್ಲ.

ನಡೆಯಲಾರದವರಿಗೆ ಲಾರಿ ಬೇಕಿತ್ತು. ಲಾರಿಯಲ್ಲಿ ಚೀಲಕ್ಕೆ ತುಂಬದ ಬಿಡಿ ಕಾಯಿ ಇತ್ತು. ಮುರುಗೇಶ ಹಿಂದಿನ ಬಾಗಿಲಿನ ಕೊಂಡಿಗೆ ಕೈಹಾಕಿ ನನ್ನನ್ನು ನೋಡಿದ. ನಾನು, “ಮೆಲ್ಲಗೆ, ಒಡೆದಾವು,” ಅಂದೆ. ಅಂದದ್ದು ನಾನೇ. ಅವನು ಕೊಂಡಿ ತಟ್ಟಿದ. ನಾಲ್ಕು ತೋಟದ ಕಾಯಿ ಒಡ್ಡು ಒಡೆದ ಹಾಗೆ ಕೆಸರಿಗೆ ಉರುಳಿತು.

ಪುಟ್ಟಮಾದಜ್ಜನನ್ನು ಅವನ ಮಂಚದ ಸಮೇತ ಎತ್ತಿಟ್ಟೆವು. ಊರಿನ ಹಿರಿಯ, ಎಲ್ಲ ಕಂಡವನು. “ಏನವ್ವ ತಾಯಮ್ಮ, ಗಂಗಮ್ಮಂಗೂ ಲಾರಿ ಬುಕ್ ಮಾಡ್ಬುಟ್ರಾ?” ಎಂದು ಮೇಲಿನಿಂದ ಕೂಗಿದ. ಎಲ್ಲರೂ ನಕ್ಕರು. ನಗದೆ ಇದ್ದವರು ನಾವು ಆರೇ ಜನ: ನಾನು, ಅಕ್ಕ, ನಿಂಗಮ್ಮ, ಮುರುಗೇಶ, ಮತ್ತು ವಿಷಯ ತಿಳಿದು ಚೀಲ ಕೀಳಲು ಕೋಡಿಯ ಕಡೆ ಹೊರಟಿದ್ದ ಅಕ್ಕನ ಗಂಡ ನಂಜುಂಡ ಭಾವ, ರಂಗಯ್ಯ. ಒಪ್ಪಂದ ಇಷ್ಟು: ಕೊನೆಯವರು ಸೇತುವೆ ದಾಟಿದ ಮೇಲೆ ಲಾರಿ ಮೂರು ಸಲ ಹಾರ್ನ್ ಮಾಡಬೇಕು, ಆಮೇಲೆ ಅವರು ಚೀಲ ಕೀಳಬೇಕು.

ಸೇತುವೆಯ ಮೇಲೆ ಆಗಲೇ ಪಾದ ಮುಳುಗುವಷ್ಟು ಮಳೆನೀರು. ಹೆಂಗಸರು ಸಾಲಾಗಿ, ಆರಿಹೋದ ದೀಪಗಳನ್ನು ಹೊತ್ತು, ಹಾಡುತ್ತ ದಾಟಿದರು. ಲಾರಿ ಎರಡು ಸಲ ಹೋಗಿಬಂತು. ಎರಡನೆಯ ಸಲ ಹಿಂದೆ ಬರುವಾಗ ಏರಿಯ ಮೇಲಿನ ಬೇವಿನ ಮರ ಒಂದು ಮಗ್ಗುಲಿಗೆ ಬಾಗಿತ್ತು. ಬೆಳಿಗ್ಗೆ ಅದು ನೆಟ್ಟಗಿತ್ತು. ಮುರುಗೇಶ ನೋಡಿದ, ನಾನು ನೋಡಿದೆ; ಉಳಿದವರನ್ನು ಹತ್ತಿಸಿಕೊಂಡು ಮೂರನೆಯ ಸಲ ದಾಟಿದೆವು.

ಆಚೆ ದಡದ ಎತ್ತರದ ಬೋರೆಯ ಮೇಲೆ ಎಲ್ಲರೂ ನಿಂತರು. ಮುರುಗೇಶ ಮೂರು ಸಲ ಹಾರ್ನ್ ಒತ್ತಿದ.

ಅಷ್ಟು ಉದ್ದದ ಕಾಯುವಿಕೆಯನ್ನು ನಾನು ಕಂಡಿಲ್ಲ. ಆಮೇಲೆ ಹಳ್ಳದ ತಿರುವಿನಲ್ಲಿ ಕಂದು ಬಣ್ಣದ ನೀರು, ಮುಳ್ಳುಪೊದೆಗಳನ್ನು ಮುಂದೆ ತಳ್ಳಿಕೊಂಡು ಬಂತು. ಸೇತುವೆಯ ಕಲ್ಲುಗಳು ಒಂದೊಂದಾಗಿ ಮರೆಯಾದವು. ಅಕ್ಕ ದಡದಲ್ಲಿ ತಟ್ಟೆ ಇಟ್ಟು ದೀಪ ಹಚ್ಚಿದಳು. ಮಳೆಗೆ ಆರಿತು, ಮತ್ತೆ ಹಚ್ಚಿದಳು. ಹೆಂಗಸರು ಜೈಕಾರ ಹಾಕಿದರು. ಆ ಜೈಕಾರದ ನಡುವೆ ಊರಿನ ಕಡೆಯಿಂದ ಒಂದು ಸದ್ದು ಬಂತು. ಗುಡುಗಲ್ಲ. ಭಾರದ ಬಾಗಿಲನ್ನು ಯಾರೋ ಒಳಗಿನಿಂದ ಎಳೆದ ಹಾಗೆ.

ಏರಿಯ ನಡುವೆ ಆಕಾಶ ಕಂಡಿತು. ಬೇವಿನ ಮರ ಇರಲಿಲ್ಲ.

ಕೆಳಬೀದಿಯ ಕೊಟ್ಟಿಗೆಗಳಿಂದ ದನಗಳು ಅರಚಿದವು. ಆರತಿಗೆ ಹೊರಟ ಅವಸರದಲ್ಲಿ, ಸಂಜೆಗೆ ವಾಪಸು ಬರುತ್ತೇವಲ್ಲ ಎಂದು, ಯಾರೂ ಹಗ್ಗ ಬಿಚ್ಚಿರಲಿಲ್ಲ. ಬಿಚ್ಚಿ ಎಂದು ಹೇಳಬೇಕಾಗಿದ್ದವನು ನಾನು, ಅಥವಾ ಅಕ್ಕ. ನಮ್ಮಿಬ್ಬರಿಗೂ ಅದು ಹೊಳೆಯಲಿಲ್ಲ. ಅರಚುವುದು ಎಷ್ಟು ಬೇಗ ನಿಂತಿತೆಂದರೆ, ಹೆಂಗಸರ ಕೈಯ ತಟ್ಟೆಗಳು ಇನ್ನೂ ಮೇಲೆತ್ತಿದಂತೆಯೇ ಇದ್ದವು.

ಆಮೇಲೆ ಹಳ್ಳದಲ್ಲಿ ತೆಂಗಿನಕಾಯಿ ಬಂದವು. ಮೊದಲು ಒಂದೆರಡು, ಆಮೇಲೆ ನೀರೇ ಕಾಣದಷ್ಟು. ನನ್ನ ಇಡೀ ಲೋಡು ತಲೆ ಅಲ್ಲಾಡಿಸುತ್ತ ನನ್ನೆದುರೇ ಹೋಯಿತು. ಮಂಚದ ಮೇಲಿದ್ದ ಪುಟ್ಟಮಾದಜ್ಜ ಮೆಲ್ಲಗೆ ಹೇಳಿದ: “ಗಂಗಮ್ಮಂಗೆ ಇಷ್ಟೊಂದ್ ಕಾಯಿ ಯಾರೂ ಕೊಟ್ಟಿರ್ನಿಲ್ಲ ಕಣ್ಲಾ ಮಾದೇವ.” ಈ ಸಲ ಯಾರೂ ನಗಲಿಲ್ಲ.

ಅಕ್ಕನ ಕಣ್ಣು ಮಾತ್ರ ಕೋಡಿಯ ಕಡೆಗೇ ಇತ್ತು. ಭಾವ ಅಲ್ಲಿದ್ದ. ಮಳೆಯ ಪರದೆಯ ಹಿಂದೆ ಏನೂ ಕಾಣುತ್ತಿರಲಿಲ್ಲ. ಅವಳ ಬೆರಳುಗಳು ನನ್ನ ಮುಂಗೈಯನ್ನು ಹಿಡಿದವು. ಅಮ್ಮ ಸತ್ತ ದಿನ ಹಿಡಿದದ್ದಕ್ಕಿಂತ ಬಿಗಿಯಾಗಿ. ಎಷ್ಟೋ ಹೊತ್ತಿನ ಮೇಲೆ ಕೋಡಿಯ ಆಚೆಯ ಬಂಡೆಯ ಮೇಲೆ ಏನೋ ಕೆಂಪಗೆ ಬೀಸಿತು. ರಂಗಯ್ಯನ ಕಂಬಳಿ. ಅದರ ಪಕ್ಕ ಇನ್ನೊಂದು ಆಕಾರ, ಎರಡೂ ಕೈ ಎತ್ತಿಕೊಂಡು. ಲಂಚವಾಗಿ ಕೊಟ್ಟ ಕಂಬಳಿಗೆ ನಾನು ಅಲ್ಲಿಂದಲೇ ಕೈಮುಗಿದೆ.

ನೀರು ಇಳಿದ ಮೇಲೆ ಊರಿಗೆ ಹೋದೆವು. ಅಕ್ಕನ ಮನೆಯ ಹಿತ್ತಿಲ ಗೋಡೆಯೊಂದು ನಿಂತಿತ್ತು, ಅದರ ಮೇಲೆ ಗಡಿಯಾರ. ಕೆಸರಿನ ತುಂಬ ಕೋಡಿಯಿಂದ ಕೊಚ್ಚಿಬಂದ ಚೀಲಗಳು, ಚೀಲಗಳ ಮೇಲೆ ಹಸಿರು ಗೆರೆಗಳು. ಅಕ್ಕ ಮುಚ್ಚಿದ್ದನ್ನು ನೀರು ಬಿಚ್ಚಿಟ್ಟಿತ್ತು. ಆ ಸಂಜೆಯೇ ಊರಿನವರೆದುರು ನಿಂತು ಎಲ್ಲ ಒಪ್ಪಿಕೊಂಡೆ. ಬೈದರು. ಒಬ್ಬ ಹೊಡೆದ. ಗೋಡೆ ಕಟ್ಟಿಸಿದೆ, ದನ ಕೊಡಿಸಿದೆ, ಗುತ್ತಿಗೆ ಬಿಟ್ಟೆ. ಅಕ್ಕ ಇಲ್ಲಿಯವರೆಗೆ ಆ ಬಗ್ಗೆ ಒಂದು ಮಾತು ಆಡಿಲ್ಲ. ಆದರೆ ಆ ಕೆಸರಿನಿಂದ ಒಂದು ಚೀಲ ಎತ್ತಿ, ಒಗೆದು, ಇಟ್ಟುಕೊಂಡಿದ್ದಾಳೆ. ನಾನು ಹೋದಾಗಲೆಲ್ಲ ಚಾಪೆ ಇದ್ದರೂ ಅದನ್ನೇ ಹಾಸುತ್ತಾಳೆ. ಹೋದ ವಾರವೂ ಹಾಸಿದಳು. “ಕುಂತ್ಕಳ್ಲಾ, ನಿಂದೇ ಚೀಲ.” ಕೂತೆ. ಕಾಫಿ ಕೊಟ್ಟಳು.

ನೀವು ಕೆರೆಯ ಕೆಳಗೋ, ಹೊಳೆಯ ದಡದಲ್ಲೋ, ಸಮುದ್ರದ ಮಗ್ಗುಲಲ್ಲೋ ಇರುವವರಾದರೆ ನನ್ನ ಮಾತು ಕೇಳಿ. ಹಳೆಯ ಗುರುತಿನ ಕಲ್ಲನ್ನು ನಂಬುವ ಮೊದಲು, ಆ ಗುರುತು ಹಾಕಿದ ಮೇಲೆ ಏನೇನು ಬದಲಾಗಿದೆ ಎಂದು ನೀವೇ ಮುಳ್ಳುಪೊದೆ ದಾಟಿ ಹೋಗಿ ನೋಡಿ. ಒಸರುವ ನೀರನ್ನು ಬೊಗಸೆಯಲ್ಲಿ ಹಿಡಿಯಿರಿ. ಕೈಯಲ್ಲಿ ಮಣ್ಣು ಉಳಿದರೆ ಆಮೇಲೆ ಯೋಚಿಸುವುದಕ್ಕೆ ಏನೂ ಇಲ್ಲ. ಬರುತ್ತದೋ ಇಲ್ಲವೋ ಎಂದು ವಾದಿಸಬೇಡಿ, ದಾರಿ ಎಷ್ಟು ಹೊತ್ತು ತೆರೆದಿರುತ್ತದೆಂದು ಕೇಳಿ. ಹೋದದ್ದು ದಂಡವಾದರೆ ನಿಮ್ಮನ್ನು ಒಳೆ ನಿಂಗಿ ಎಂದು ಕರೆಯುತ್ತಾರೆ, ಕರೆಯಲಿ; ನಿಂಗಮ್ಮ ಇವತ್ತಿಗೂ ಆ ಹೆಸರಿಗೆ ಓಗೊಡುತ್ತಾಳೆ. ಹೊರಡುವಾಗ ಸಂಜೆಗೆ ವಾಪಸು ಬರುತ್ತೇವೆಂದು ಎಷ್ಟೇ ಖಾತ್ರಿ ಇದ್ದರೂ ದನದ ಹಗ್ಗ ಬಿಚ್ಚಿ. ಇನ್ನೊಬ್ಬರನ್ನು ಹೊರಡಿಸಬೇಕಾಗಿ ಬಂದರೆ ಸೀರೆ, ಹೆಂಚು ಎಂದು ಚೌಕಾಸಿಗೆ ಇಳಿಯಬೇಡಿ. ನೀವು ಮುಚ್ಚಿಟ್ಟದ್ದು ಏನಾದರೂ ಇದ್ದರೆ ಮೊದಲು ಅದನ್ನು ಹೇಳಿ. ಲಾರಿ ಆಮೇಲೆ ತನ್ನಿ.